ಹಿಂದಿನ ಸೀಟಿಗೆ ಕಿವಿ ಕೊಟ್ಟವನು

ನನಗೊಂದು ಚಟವಿದೆ. ಯಾರ ಕಾರಿನಲ್ಲಿ ಕುಳಿತರೂ, ಅವರು ಕೀಲಿ ತಿರುವಿದ ಕೂಡಲೇ "ತಡೀರಿ, ತಡೀರಿ" ಎಂದುಬಿಡುತ್ತೇನೆ. ಬಾಗಿಲು ಸರಿಯಾಗಿ ಹಾಕಿಲ್ಲವೇನೋ, ಗಾಲಿಯ ಕೆಳಗೆ ಬೆಕ್ಕು ಮಲಗಿದೆಯೇನೋ ಎಂದು ಅವರಿಗೆ ಗಾಬರಿ. ನಾನು ಬೆರಳೆತ್ತಿ, ಕಣ್ಣು ಮುಚ್ಚಿ, ಎರಡು ಸೆಕೆಂಡು ಕಾಯುತ್ತೇನೆ. ಹಿಂದಿನಿಂದ ಸಣ್ಣಗೆ ಗುಂಯ್ ಎಂದು ಒಂದು ಸದ್ದು ಬಂದು ನಿಲ್ಲುತ್ತದೆ. "ಹೂಂ, ಈಗ ಚಾಲೂ ಮಾಡ್ರಿ" ಎನ್ನುತ್ತೇನೆ. ನನ್ನ ಹೆಂಡತಿಯ ತಮ್ಮ ಇದನ್ನು ದೇವರ ಧ್ಯಾನವೆಂದೇ ತಿಳಿದು ತಾನೂ ಸ್ಟೀಯರಿಂಗಿಗೆ ಕೈ ಮುಗಿಯುವುದನ್ನು ಕಲಿತಿದ್ದಾನೆ. ನಾನು ತಿದ್ದಲು ಹೋಗಿಲ್ಲ. ತಿದ್ದಬೇಕೆಂದರೆ ಜಕ್ಕಲಿಯಿಂದ ಶುರು ಮಾಡಬೇಕು. ಅಷ್ಟು ಹೊತ್ತು ಯಾರೂ ಕೀಲಿ ಹಿಡಿದು ಕೂರುವುದಿಲ್ಲ. ನೀವು ಹೇಗೂ ಓದಲು ಕುಳಿತವರು, ನಿಮಗೆ ಹೇಳಬಹುದು.

ಈ ಶತಮಾನ ಶುರುವಾಗಿ ಮೂರೋ ನಾಲ್ಕೋ ವರ್ಷವಾಗಿತ್ತು. ನಾನು ಜಕ್ಕಲಿಯಲ್ಲಿ ಹೈಸ್ಕೂಲಿನ ಕನ್ನಡ ಮಾಸ್ತರ. ವಾಸ ಗಜೇಂದ್ರಗಡದ ನೇಕಾರರ ಓಣಿಯ ಒಂದು ಖೋಲಿಯಲ್ಲಿ. ಪಕ್ಕದ ಮನೆಯ ಮಗ್ಗವೇ ನನ್ನ ಗಡಿಯಾರ. ಅದು ಲಟಕ್ ಪಟಕ್ ಎನ್ನತೊಡಗಿದರೆ ಏಳಬೇಕು; ಅದು ನಿಂತು ಅದೇ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತೆಂದರೆ ಬಸ್ ಸ್ಟ್ಯಾಂಡಿಗೆ ಓಡಬೇಕು. ನಿಂತುಕೊಂಡೇ ನರೇಗಲ್ ದಾಟಿ ಜಕ್ಕಲಿ ಮುಟ್ಟುವಷ್ಟರಲ್ಲಿ ನನ್ನ ಇಸ್ತ್ರಿ ಅಂಗಿ ಹೊಲದಿಂದ ಬಂದವರ ಅಂಗಿಯಂತಾಗಿರುತ್ತಿತ್ತು.

ಸುಮಂಗಲಾ ಟೀಚರ್ ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಅವರೂ ಗಜೇಂದ್ರಗಡದವರೇ, ಆದರೆ ಬರುತ್ತಿದ್ದುದು ತಮ್ಮ ಕಾರಿನಲ್ಲಿ, ತಾವೇ ಓಡಿಸಿಕೊಂಡು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವರ ಬಲಗಾಲು ಸೊರಗಿತ್ತು. ಕಂಕುಳಲ್ಲಿ ಒಂದು ಊರುಗೋಲು ಇಟ್ಟುಕೊಂಡು, ನಾವು ಎರಡು ಕಾಲಿನವರು ಹಿಂದೆ ಬೀಳುವ ವೇಗದಲ್ಲಿ ನಡೆಯುತ್ತಿದ್ದರು. ಅವರ ಅಣ್ಣ ಹುಬ್ಬಳ್ಳಿಯಿಂದ ಯಾರೋ ಓಡಿಸಿ ಬಿಟ್ಟಿದ್ದ ಒಂದು ಸಣ್ಣ ಬಿಳಿ ಕಾರು ತಂದುಕೊಟ್ಟಿದ್ದ. ಲೇಥ್ ಅಂಗಡಿಯ ದಾವಲಸಾಬ ಅದರಲ್ಲಿ ಬಲಗಾಲಿನ ಕೆಲಸವನ್ನೆಲ್ಲ ಬಲಗೈಗೆ ವರ್ಗಾಯಿಸಿದ್ದ. ಸ್ಟೀಯರಿಂಗಿನ ಬಲಕ್ಕೆ ಒಂದು ಉಕ್ಕಿನ ಹಿಡಿಕೆ. ಮುಂದಕ್ಕೆ ಒತ್ತಿದರೆ ಬ್ರೇಕು, ಮೇಲಕ್ಕೆ ಎಳೆದರೆ ವೇಗ. ಎಡಗೈಗೆ ಹಿಡಿಯಲು ಸ್ಟೀಯರಿಂಗಿನ ಮೇಲೆ ಒಂದು ಮರದ ಗುಂಡು, ಬುಗುರಿಯಂಥದ್ದು, ನುಣ್ಣಗೆ ಕಡೆದದ್ದು. ಅದನ್ನು ಮೊದಲ ಸಲ ನೋಡಿದಾಗ ನನಗೆ ಕೈಯಲ್ಲಿ ಹಿಡಿದು ಆಡಿಸುವ ಆಸೆಯಾಗಿತ್ತು. ಮಾಸ್ತರನಾದ್ದರಿಂದ ತಡೆದುಕೊಂಡೆ.

ಆ ಕಾರಿಗೆ ಒಂದು ರೋಗ ಹತ್ತಿತು. ಹೊರಟರೆ ಚೆನ್ನಾಗಿ ಓಡುತ್ತಿತ್ತು, ತುಸು ಹೊತ್ತು ನಿಂತರೆ ಮತ್ತೆ ಸುಲಭಕ್ಕೆ ಚಾಲೂ ಆಗುತ್ತಿರಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಟೀಚರ್ ಕೀಲಿ ತಿರುವಿ ಹಿಡಿದರೆ ಅದು ಕುಂಯ್ ಕುಂಯ್ ಕುಂಯ್ ಎಂದು ಅಳುತ್ತಲೇ ಇರುತ್ತಿತ್ತು. ಹತ್ತು, ಹದಿನೈದು, ಇಪ್ಪತ್ತು ಸಲ ತಿರುವಿದ ಮೇಲೆ ಬೇಸರದಿಂದ ಎದ್ದಂತೆ ಏಳುತ್ತಿತ್ತು. ಒಂದು ಸಂಜೆ ಹೆಡ್ ಮಾಸ್ತರು ಕರುಣೆಯಿಂದ, "ಏ, ಹತ್ತನೇ ಕ್ಲಾಸಿನವ್ರು ಬರ್ರಿ, ಟೀಚರ್ ಗಾಡಿ ದೂಡ್ರಿ" ಎಂದು ಕೂಗಿದರು. ಟೀಚರ್ ಹ್ಯಾಂಡ್ ಬ್ರೇಕ್ ಎಳೆದು ಕಿಟಕಿಯಿಂದ ಮುಖ ಹೊರಗೆ ಹಾಕಿದರು.

"ಯಾರೂ ಕೈ ಹಚ್ಚಬ್ಯಾಡ್ರಿ. ಅದು ತಾನ ಚಾಲೂ ಆಗ್ತೈತಿ."

"ಅಲ್ರಿ ಟೀಚರ್, ಒಂದ್ ನಾಕ್ ಮಂದಿ ದೂಡಿದ್ರ..."

"ದೂಡಿಸ್ಕೊಂಡ ಹೋಗಾಕ ನಾ ಕಾರ್ ತಗೊಂಡಿಲ್ಲ ಸರ."

ಎಲ್ಲರೂ ಚದುರಿದರು. ನಾನು ಉಳಿದೆ. ಧೈರ್ಯದಿಂದಲ್ಲ, ಬಸ್ಸು ತಪ್ಪಿತ್ತು, ಬೇವಿನ ಗಿಡದ ನೆರಳು ಅವರ ಕಾರಿನ ಹತ್ತಿರವೇ ಇತ್ತು. ಟೀಚರ್ ನನ್ನನ್ನು ನೋಡಿದರು. "ಸರ, ನಿಮ್ಮ ಕಿವಿ ಚಲೋ ಅದಾವೇನ್ರಿ?" ಎಂದು ಕೇಳಿದರು.

ಛಂದಸ್ಸು ಕಲಿಸುವವನಿಗೆ ಕೇಳುವ ಪ್ರಶ್ನೆಯೇ ಇದು? ಅವರಿಗೆ ಬೇಕಾಗಿದ್ದುದು ಇಷ್ಟು: ಆ ಕಾರಿನ ಪೆಟ್ರೋಲ್ ಪಂಪು ಹಿಂದಿನ ಸೀಟಿನ ಕೆಳಗೆ, ಟ್ಯಾಂಕಿನೊಳಗೆ ಇದೆ. ಕೀಲಿಯನ್ನು ಅರ್ಧ ತಿರುವಿದರೆ ಅದು ಎರಡು ಸೆಕೆಂಡು ಓಡಿ, ಎಂಜಿನ್ನಿನ ತನಕ ಪೆಟ್ರೋಲನ್ನು ಒತ್ತಡದಿಂದ ತುಂಬಿಟ್ಟು ನಿಲ್ಲಬೇಕು. ಅದು ಓಡುತ್ತದೋ ಇಲ್ಲವೋ ಮುಂದೆ ಕುಳಿತವರಿಗೆ ಕೇಳುವುದಿಲ್ಲ. ನಾನು ಹಿಂದೆ ಹತ್ತಿ, ಮೊಣಕಾಲೂರಿ, ಸೀಟಿಗೆ ಕಿವಿ ಹಚ್ಚಿದೆ. ರೆಗ್ಝಿನು ಬಿಸಿಲಿಗೆ ಕಾದ ಹಂಚಿನಂತಿತ್ತು.

"ಕೇಳಿಸ್ತೇನ್ರಿ?"

"ಕೇಳಿಸ್ತ್ರಿ ಟೀಚರ್. ದೂರದಾಗ ಜೇನುಹುಳದ ಹಿಂಡು ಹಾರಿ ಹೋದಂಗ..."

"ಉಪಮಾ ಬ್ಯಾಡ್ರಿ ಸರ. ಎಷ್ಟ್ ಸೆಕೆಂಡ್ ಬಂತು ಹೇಳ್ರಿ."

ಹೀಗೆ ನಾನು ಆ ಕಾರಿನ ಹಿಂದಿನ ಸೀಟಿಗೆ ನೇಮಕವಾದೆ. ಬೆಳಿಗ್ಗೆ ಹೋಗುವಾಗ, ಸಂಜೆ ಬರುವಾಗ ನಾನು ಹಿಂದೆ; ಮುಂದಿನ ಸೀಟಿನಲ್ಲಿ ಅವರ ಊರುಗೋಲು, ಬುತ್ತಿ, ಪ್ರಯೋಗದ ಸಾಮಾನಿನ ಡಬ್ಬಿ. ಊರಿನ ಕಣ್ಣಿಗೂ ಅದೇ ಸರಿಯಾಗಿ ಕಂಡಿತು. ನನ್ನ ಪಾಠ ಟಿಪ್ಪಣಿಯ ಹಿಂದಿನ ಹಾಳೆಗಳಲ್ಲಿ ಅವರು ಹೇಳಿದಂತೆ ಬರೆದಿಡುತ್ತಿದ್ದೆ: ಎಷ್ಟು ತಾಸು ನಿಂತಿತ್ತು, ಬಿಸಿಲಿತ್ತೋ ನೆರಳಿತ್ತೋ, ಗುಂಯ್ ಎಷ್ಟು ಸೆಕೆಂಡು, ಎಷ್ಟನೆಯ ಸಲಕ್ಕೆ ಎದ್ದಿತು. ಶಾಲೆ ತಪಾಸಣೆಗೆ ಬಂದ ಸಾಹೇಬರು ಅದನ್ನು ತಿರುವಿ, "ಇದು ಯಾವ ಪದ್ಯದ ಮಾತ್ರೆ ಲೆಕ್ಕಾರೀ?" ಎಂದು ಕೇಳಿದ್ದರು. ದಾರಿಯಲ್ಲಿ ನಮ್ಮನ್ನು ನೋಡಿದವರಲ್ಲಿ ಒಬ್ಬ ಅಜ್ಜಿ, ಸೀಟಿಗೆ ತಲೆ ಹಚ್ಚಿದ ಮಾಸ್ತರನಿಗೆ ದಿನಾ ಕಾರಿನಲ್ಲಿ ತಲೆ ತಿರುಗುತ್ತದೆಂದು ನನಗೆ ನಿಂಬೆಹಣ್ಣು ಕೊಟ್ಟಳು.

ನಗು ಹೊರಗಿನದು. ಒಳಗೆ ಸಂಗತಿ ಬಿಗಿಯಾಗುತ್ತಿತ್ತು. ಹುಬ್ಬಳ್ಳಿಯ ಯಾವುದೋ ಗ್ಯಾರೇಜಿನವರು ಬಾನೆಟ್ ಎತ್ತುವ ಮೊದಲೇ ಆ ಹಿಡಿಕೆ ನೋಡಿ ತಲೆಯಾಡಿಸಿದ್ದರು. ಇದೆಲ್ಲ ತೆಗೆಸಿ, ಕಾರು ಮೊದಲಿದ್ದಂತೆ ಮಾಡಿಕೊಂಡು ಬನ್ನಿ, ಆಮೇಲೆ ನೋಡೋಣ ಎಂದಿದ್ದರು. ಮೊದಲಿದ್ದಂತೆ ಮಾಡಿದರೆ ಟೀಚರ್ ಓಡಿಸುವುದು ಹೇಗೆ? ಅವರ ಅಣ್ಣ, ಒಳ್ಳೆಯ ಮನುಷ್ಯನೇ, "ಮಾರಿಬಿಡೂಣು, ನಾ ಒಬ್ಬ ಡ್ರೈವರ್ನ ಇಡ್ತೀನಿ, ಆರಾಮ ಹಿಂದ ಕುಂತ ಹೋಗು" ಎನ್ನುತ್ತಿದ್ದ. ಅವನಿಗೆ ಅದು ಪ್ರೀತಿ. ಟೀಚರ್ ಅದನ್ನು ನನಗೆ ಹೇಳುವಾಗ ಹಿಡಿಕೆಯ ಮೇಲಿದ್ದ ಅವರ ಕೈ ಬಿಗಿಯಾದದ್ದನ್ನು ನಾನು ಹಿಂದಿನಿಂದ ನೋಡಿದೆ.

ದಾವಲಸಾಬನಂತೂ ಕುಗ್ಗಿ ಹೋಗಿದ್ದ. ಒಂದು ಭಾನುವಾರ ಅವನ ಲೇಥ್ ಅಂಗಡಿಗೆ ಹೋದಾಗ ಗಡ್ಡ ಕೆರೆದುಕೊಳ್ಳುತ್ತ ಎದ್ದು ಬಂದ.

"ಯವ್ವಾ, ಮಂದಿ ಎಲ್ಲಾ ನನ್ನ ಕೆಲಸಾನ ಕೆಡಿಸೈತಿ ಅಂತಾರ. ನನ್ನ ಕೈಯಿಂದ ಆಗಿದ್ರ ನನ್ನ ಕೈಯಿಂದನ ಕತ್ತರಿಸಿ ತಗೀತೀನಿ. ಹೇಳು."

"ಚಾಚಾ, ಖರೇ ಏನೈತಿ ಅನ್ನೂದು ಗೊತ್ತಾಗೂ ತನಕಾ ಕಟರ್ ಮುಟ್ಟಬ್ಯಾಡ್ರಿ" ಎಂದರು ಟೀಚರ್.

ಇಲ್ಲಿ ನನ್ನ ಅವ್ವನ ಸ್ಟೋವಿನ ವಿಷಯ ಹೇಳಬೇಕು. ನರಗುಂದದಲ್ಲಿ ಗುಡ್ಡದ ಬುಡದ ಓಣಿಯಲ್ಲಿ ನಮ್ಮ ಮನೆ. ಅವ್ವನ ಹತ್ತಿರ ಹಿತ್ತಾಳೆ ಹೊಟ್ಟೆಯ ಪಂಪ್ ಸ್ಟೋ ಇತ್ತು. ಪಿನ್ನು ಚುಚ್ಚುವುದು ಅವಳ ಕೆಲಸ, ಪಂಪು ಹೊಡೆಯುವುದು ನನ್ನದು. ಹೊತ್ತಿಕೊಂಡಿತೆಂದರೆ ಭರ್ರ್ ಎಂಬ ಸದ್ದು ಮೂರು ಮನೆಯಾಚೆ ಕೇಳಿ, ಅಲ್ಲಿಯ ಮಾಮಿ "ಇವರ ಮನ್ಯಾಗ ಚಾ ಇಟ್ರು" ಎಂದು ಲೋಟ ತೊಳೆದುಕೊಳ್ಳುತ್ತಿದ್ದಳು. ಆ ಸದ್ದು, ಸೀಮೆಎಣ್ಣೆಯ ವಾಸನೆ, ಅವ್ವನ ಮುಖದ ಮೇಲೆ ನೀಲಿ ಉರಿಯ ಬೆಳಕು, ಅವಳು ಉರಿಯನ್ನು ನೋಡದೆ ಬರೀ ಸದ್ದು ಕೇಳಿಯೇ "ಇನ್ನೆರಡು ಹೊಡಿ" ಎನ್ನುತ್ತಿದ್ದದ್ದು. ಆ ಒಂದು ಅಡುಗೆಮನೆಗೆ ಮರಳಿ ಹೋಗುವುದಾದರೆ ನಾನು ಕಲಿತ ವ್ಯಾಕರಣವನ್ನೆಲ್ಲ ಬಿಟ್ಟುಕೊಟ್ಟೇನು. ಒಂದು ಸಲ ಆ ಸ್ಟೋ ಹಟ ಹಿಡಿಯಿತು. ಪಂಪು ಹೊಡೆದರೆ ಉರಿ ಬರುತ್ತಿತ್ತು, ಬೇಳೆ ಕುದಿಯುವ ಮೊದಲೇ ಕುಗ್ಗುತ್ತಿತ್ತು. ಪಂಪಿನ ತೊಗಲು ಹೊಸದು, ಪಿನ್ನು ಹೊಸದು. ಅವ್ವ ಕೊನೆಗೆ ಸಾಬೂನಿನ ನೊರೆ ಹಚ್ಚಿ ನೋಡಿದಳು. ಗಾಳಿ ಬಿಡುವ ತಿರುಪಿನ ಬಾಯಲ್ಲಿ ಗುಳ್ಳೆ ಎದ್ದಿತು. ಹೊಡೆದ ಗಾಳಿ ಅಲ್ಲಿಂದ ಸೋರುತ್ತಿತ್ತು.

ಲೇಥ್ ಅಂಗಡಿಯಿಂದ ಮರಳುವಾಗ ನಾನು ಇದನ್ನು ಸುಮ್ಮನೆ ಹೇಳಿದೆ, ಅವರ ಮನಸ್ಸು ಹಗುರಾಗಲಿ ಎಂದು. ಟೀಚರ್ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿಬಿಟ್ಟರು.

"ಸರ, ಪಂಪ್ ಹೊಡದಾಗ ಚಲೋ ಇರ್ತಿತ್ತು. ಬಿಟ್ರ ಹೋಗ್ತಿತ್ತು. ಹೌದಿಲ್ಲೋ?"

"ಹೌದ್ರಿ."

"ಅಂದ್ರ ಒತ್ತಡ ಬರ್ತಿತ್ತು, ನಿಲ್ತಿರಲಿಲ್ಲ. ನಾವು ಇಷ್ಟ್ ದಿನಾ ಪಂಪ್ ಓಡ್ತೈತೋ ಇಲ್ಲೋ ಅಷ್ಟ ನೋಡಿದ್ವಿ." ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಉಪಮಾ ಬ್ಯಾಡ ಅಂದಿದ್ದೆ. ತಪ್ಪಾತ್ರಿ."

ಮರುದಿನ ಸಂಜೆ ಶಾಲೆಯ ಮುಂದೆ ಅವರು ಪ್ರಯೋಗ ಮಾಡಿದರು. ಕೀಲಿಯನ್ನು ಅರ್ಧ ತಿರುವುವುದು, ಗುಂಯ್ ನಿಂತ ಮೇಲೆ ಹಿಂದಕ್ಕೆ ತಿರುವುವುದು, ಮತ್ತೆ ಅರ್ಧ. ಹೀಗೆ ಮೂರು ಸಲ. ನಾನು ಹಿಂದಿನಿಂದ "ಒಂದು, ಎರಡು, ಮೂರು" ಎಂದೆ. ನಾಲ್ಕನೆಯ ಸಲ ಅವರು ಪೂರ್ತಿ ತಿರುವಿದರು. ಕಾರು ಒಂದೇ ಉಸಿರಿಗೆ ಎದ್ದಿತು. ನಾನು ಸೀಟಿನ ಮೇಲೆ ಮೊಣಕಾಲೂರಿಕೊಂಡೇ ಚಪ್ಪಾಳೆ ತಟ್ಟಿದೆ. ಗೇಟಿನಲ್ಲಿದ್ದ ಹೆಡ್ ಮಾಸ್ತರಿಗೆ ನಮ್ಮಿಬ್ಬರ ಬಗ್ಗೆ ಆ ದಿನವೇ ಯೋಚನೆ ಹತ್ತಿರಬೇಕು.

ಒತ್ತಡ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು ಉಳಿದಿತ್ತು. ದಾವಲಸಾಬ ತನ್ನ ಗಾಳಿ ಟ್ಯಾಂಕಿನ ಮೀಟರನ್ನೇ ಬಿಚ್ಚಿ, ಅದಕ್ಕೊಂದು ಹಿತ್ತಾಳೆಯ ಜೋಡಣೆ ಕಡೆದು, ಪೆಟ್ರೋಲ್ ಹೋಗುವ ಪೈಪಿಗೆ ಸೇರಿಸಿದ. ಬೀಡಿಯನ್ನು ಅಂಗಡಿಯ ಹೊರಗೇ ಆರಿಸಿ ಬಂದಿದ್ದ. ಟೀಚರ್ ಕೀಲಿ ತಿರುವಿದರು. ಮುಳ್ಳು ಮೂರರ ಹತ್ತಿರಕ್ಕೆ ಏರಿತು. ಕೀಲಿ ಬಿಟ್ಟ ಕೂಡಲೇ ನಮ್ಮ ಮೂವರ ಕಣ್ಣೆದುರಿಗೇ ಇಳಿಯತೊಡಗಿತು. ಎರಡು ನಿಮಿಷದಲ್ಲಿ ಸೊನ್ನೆ.

"ಈಗ ಎಂಜಿನ್ನಿಂದ ಟ್ಯಾಂಕಿಗೆ ವಾಪಸ್ ಹೋಗೂ ಪೈಪ್ ಹಿಚಕ್ರಿ ಚಾಚಾ" ಎಂದು ಟೀಚರ್ ಮತ್ತೆ ಕೀಲಿ ತಿರುವಿ ಮುಳ್ಳನ್ನು ಏರಿಸಿದರು. ದಾವಲಸಾಬ ಬಟ್ಟೆ ಸುತ್ತಿದ ಇಕ್ಕಳದಿಂದ ಹಿಚುಕಿ ಹಿಡಿದ. ಮುಳ್ಳು ಇಳಿಯುತ್ತಲೇ ಇತ್ತು.

"ಬಿಡ್ರಿ. ಈಗ ಟ್ಯಾಂಕಿನಿಂದ ಬರೂ ಪೈಪು." ಮತ್ತೊಮ್ಮೆ ಕೀಲಿ ತಿರುವಿ ಮುಳ್ಳನ್ನು ಏರಿಸಿದರು.

ಹಿಚುಕಿದ. ಮುಳ್ಳು ನಿಂತಿತು. ನಾವು ಉಸಿರು ಹಿಡಿದು ನಿಂತೆವು, ಅದು ಅಲುಗಲಿಲ್ಲ.

"ಹಂಗಂದ್ರ ಸೋರೂದು ಟ್ಯಾಂಕಿನ್ಯಾಗ" ಎಂದರು ಟೀಚರ್, ತರಗತಿಯಲ್ಲಿ ಉತ್ತರ ಬರೆಯುವ ಧ್ವನಿಯಲ್ಲಿ. ಹಿಂದಿನ ಸೀಟು ಎತ್ತಿ, ಅದರ ಕೆಳಗಿನ ಮುಚ್ಚಳ ಬಿಚ್ಚಿ, ದಾವಲಸಾಬ ಪಂಪನ್ನು ಹೊರಗೆ ತೆಗೆದ. ಪಂಪಿನ ಬಾಯಿಂದ ಮುಚ್ಚಳಕ್ಕೆ ಬೆರಳುದ್ದದ ಒಂದು ರಬ್ಬರ್ ಪೈಪು. ಹಿಂದಿನ ಮಾಲೀಕನ ಕಾಲದಲ್ಲಿ ಯಾರೋ ಪೆಟ್ರೋಲಿನಲ್ಲಿ ಮುಳುಗಿ ಬಾಳದ ಮಾಮೂಲಿ ಪೈಪು ಹಾಕಿದ್ದರು. ಅದು ಉಬ್ಬಿ, ಮೆತ್ತಗಾಗಿ, ಉದ್ದಕ್ಕೆ ಸೀಳಿತ್ತು. ತುಂಬಿದ ಒತ್ತಡವೆಲ್ಲ ಆ ಸೀಳಿನಿಂದ ಟ್ಯಾಂಕಿಗೇ ಮರಳುತ್ತಿತ್ತು.

ದಾವಲಸಾಬ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. "ನಂದಲ್ಲ ಯವ್ವಾ" ಎಂದ. ಅಷ್ಟೇ. ಆಮೇಲೆ ಮುಖ ತೊಳೆಯುವ ನೆವದಲ್ಲಿ ನಳದ ಕಡೆಗೆ ಹೋದ.

ಸರಿಯಾದ ಪೈಪು ನಮ್ಮಲ್ಲಿ ಸಿಗುವಂಥದಲ್ಲ. ಅವರ ಅಣ್ಣ ಹುಬ್ಬಳ್ಳಿಯಿಂದ ತರಬೇಕು, ಒಂದು ವಾರ ಬೇಕು. ಅಲ್ಲಿಯತನಕ ಹಳೆಯದನ್ನೇ ಹಾಕಿ, ಮೂರು ಸಲ ಕೀಲಿ ತಿರುವಿ ಓಡಿಸುವುದು. ಎಣಿಸುವುದಕ್ಕೆ ನಾನು.

ಆ ಒಂದು ವಾರ. ನಿಮಗೆ ಹೇಗೆ ಹೇಳಲಿ? ಏನೂ ಆಗಲಿಲ್ಲ. ಕಡಲೆ ಹೊಲಗಳು ಒಣಗಿ ಕಂದಾಗಿದ್ದವು, ಎರೆನೆಲ ಬಿರುಕು ಬಿಡುತ್ತಿತ್ತು. ನರೇಗಲ್ಲಿನಲ್ಲಿ ಕಾಗದದಲ್ಲಿ ಮಂಡಕ್ಕಿಯ ಗಿರ್ಮಿಟ್ ಕಟ್ಟಿಸಿಕೊಂಡು ಕಾರಿನಲ್ಲೇ ತಿಂದೆವು, ಅವರು ಮುಂದೆ, ನಾನು ಹಿಂದೆ. ಮೆಣಸಿನಕಾಯಿ ಅವರು ತಿನ್ನುತ್ತಿರಲಿಲ್ಲ, ಭುಜದ ಮೇಲಿಂದ ಹಿಂದಕ್ಕೆ ಕೊಡುತ್ತಿದ್ದರು. ನಾನು ಖಾರ ತಡೆಯದವನು, ಒಂದನ್ನೂ ಬಿಡದೆ ತಿಂದೆ. ಒಂದು ಸಂಜೆ ಅವರು, ನಾನು ಕೇಳದೆಯೇ, ಹೇಳಿದರು.

"ಸಣ್ಣಾಕಿದ್ದಾಗ ನನ್ನ ಸಾಲಿಗಿ ಎತ್ಕೊಂಡ ಹೋಗ್ತಿದ್ರು ಸರ. ಅಪ್ಪ, ಅಣ್ಣ, ಓಣಿ ಮಂದಿ. ಎಲ್ಲಾರೂ ಚಲೋದವ್ರ. ಆದ್ರ ಎತ್ತಿದವ್ರೆಲ್ಲಾ ಎತ್ತೂ ಮುಂಚೆ ಒಮ್ಮೆ 'ಪಾಪ' ಅಂತಿದ್ರು. ಅದಕ್ಕ ದೂಡಬ್ಯಾಡ್ರಿ ಅಂದಿದ್ದು." ಗೇರು ಬದಲಿಸಿ, "ನೀವು ಒಮ್ಮೆನೂ ಅಂದಿಲ್ಲ" ಎಂದರು.

ನಾನು ಏನಾದರೂ ಹೇಳಬೇಕಿತ್ತು. ಹತ್ತಾರು ವಾಕ್ಯಗಳು ಬಂದವು, ಎಲ್ಲದರಲ್ಲೂ ಒಂದೊಂದು ಉಪಮೆ ಇತ್ತು.

ವಾರ ಮುಗಿಯಿತು. ದಾವಲಸಾಬ ಹೊಸ ಪೈಪು ಹಾಕಿ, ಮೀಟರ್ ಹಚ್ಚಿ ತೋರಿಸಿದ. ಮುಳ್ಳು ಏರಿ, ಅಲ್ಲೇ ನಿಂತಿತು. ನಾವು ಚಹಾ ಕುಡಿದು ಬಂದು ನೋಡಿದರೂ ಬಹುಮಟ್ಟಿಗೆ ಅಲ್ಲೇ ಇತ್ತು. ಟೀಚರ್ ಒಂದೇ ಸಲ ಕೀಲಿ ತಿರುವಿದರು, ಕಾರು ಎದ್ದಿತು. ದಾವಲಸಾಬ ನಕ್ಕ, ಟೀಚರ್ ನಕ್ಕರು. ನನಗೂ ಸಂತೋಷವಾಯಿತು ಎಂದು ಬರೆದರೆ ಸುಳ್ಳು. ಆ ಸೀಳಿದ ಪೈಪಿನ ಮೇಲೆ ನನಗೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತ್ತು.

ನನ್ನ ಓಣಿಯ ಬಾಯಿಗೆ ತಂದು ಇಳಿಸುವಾಗ ಟೀಚರ್ ಕಾರು ನಿಲ್ಲಿಸಿ, ಮುಂದಕ್ಕೇ ನೋಡುತ್ತ ಹೇಳಿದರು: "ನಾಳಿಯಿಂದ ನೀವು ಹಿಂದ ಕುಂಡ್ರೂ ಜರೂರ ಇಲ್ಲ ಸರ."

"ಹೌದ್ರಿ ಟೀಚರ್" ಎಂದೆ. ಪಾಠ ಟಿಪ್ಪಣಿ ಎತ್ತಿಕೊಂಡು, "ನಾ ನಾಳಿಯಿಂದ ಬಸ್ಸಿಗೇ ಬರ್ತೀನಿ" ಎಂದೆ.

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ನಿಮ್ಮಿಷ್ಟಾರಿ" ಎಂದರು.

ಮರುದಿನ ನಾನು ಮಗ್ಗ ಶುರುವಾಗುವ ಮೊದಲೇ ಎದ್ದು ಮೊದಲ ಬಸ್ಸು ಹಿಡಿದೆ. ಕೆಲಸ ಮುಗಿದ ಮೇಲೂ ಅಂಟಿಕೊಂಡವನು ಎನ್ನಿಸಿಕೊಳ್ಳಬಾರದು ಎಂಬ ದೊಡ್ಡಸ್ತಿಕೆ. ಶಾಲೆಯಲ್ಲಿ ಅವರು ಮೊದಲಿನಂತೆಯೇ ಮಾತಾಡಿಸಿದರು, ಆದರೆ ಸ್ಟಾಫ್ ರೂಮಿನ ಎಲ್ಲರನ್ನೂ ಮಾತಾಡಿಸುವಂತೆ. ಜೂನಿನಲ್ಲಿ ನನಗೆ ನರಗುಂದದ ಕಡೆಗೆ ವರ್ಗವಾಯಿತು. ಅವ್ವನಿಗೆ ಆರಾಮಿರಲಿಲ್ಲ ಎಂದು ನಾನೇ ಬಹಳ ಹಿಂದೆ ಕೇಳಿಕೊಂಡದ್ದು. ಅವ್ವ ನೋಡಿದ ಹುಡುಗಿಯನ್ನು ಮದುವೆಯಾದೆ. ಒಳ್ಳೆಯವಳು; ಈ ಬರಹವನ್ನು ಓದಿ ಎರಡು ಕಡೆ ಕಾಗುಣಿತ ತಿದ್ದಿದವಳು ಅವಳೇ.

ಐದು ವರ್ಷದ ಮೇಲೆ ರೋಣದಲ್ಲಿ ಶಿಕ್ಷಕರಿಗೊಂದು ತರಬೇತಿ ಇತ್ತು. ಊಟದ ಬಿಡುವಿನಲ್ಲಿ ಯಾರೋ "ಸರ" ಎಂದರು. ಊರುಗೋಲಿನ ಸದ್ದಿನಿಂದಲೇ ತಿಳಿಯಬೇಕಿತ್ತು. ಟೀಚರ್ ಈಗ ಬೆಳವಣಕಿಯಲ್ಲಿದ್ದರು. ಮದುವೆಯಾಗಿ ಮೂರು ವರ್ಷ; ಯಜಮಾನರದು ಅಲ್ಲಿಯೇ ಔಷಧಿ ಅಂಗಡಿ, ಒಬ್ಬಳು ಮಗಳು. ದಾವಲಸಾಬ ಚಾಚಾ ಈಗ ಮೂರು ಜಿಲ್ಲೆಯವರಿಗೆ ಅಂಥ ಹಿಡಿಕೆ ಮಾಡಿಕೊಡುತ್ತಾನಂತೆ. ಕಾರು ಅದೇ. ಒಂದು ದಿನವೂ ಕೈ ಕೊಟ್ಟಿಲ್ಲವಂತೆ. ಬುತ್ತಿ ಬಿಚ್ಚಿ ನನಗೊಂದು ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಡುತ್ತ, ಬಹಳ ಸಹಜವಾಗಿ ಕೇಳಿದರು.

"ಪೈಪ್ ಹಾಕಿದ ದಿನಾ ನಾ ಏನ್ ಅಂದಿದ್ದೆ, ನೆನಪೈತೇನ್ರಿ ಸರ?"

"ಐತ್ರಿ. ಹಿಂದ ಕುಂಡ್ರೂ ಜರೂರ ಇಲ್ಲ ಅಂದ್ರಿ."

"ಹೂಂ. ಆ ಸಂಜಿ ಮುಂದಿನ ಸೀಟಿನ ಮ್ಯಾಗಿನ ಡಬ್ಬಿ, ಪುಸ್ತಕಾ ಎಲ್ಲಾ ತಗದು ಒರಸಿ ಇಟ್ಟಿದ್ದೆ." ನಕ್ಕರು. "ಮುಂದ ಕುಂಡ್ರಿ ಅಂತ ಹೇಳಾಕ ಬಾಯಿ ಬರ್ಲಿಲ್ಲ ನೋಡ್ರಿ. ಕನ್ನಡಾ ಮಾಸ್ತರು, ತಾವ ತಿಳ್ಕೋತಾರ ಅನ್ಕೊಂಡೆ."

ನಾನು ರೊಟ್ಟಿಯ ತುಂಡು ಬಾಯಿಗಿಟ್ಟು ನೀರಿನ ಲೋಟಕ್ಕೆ ಕೈ ಚಾಚಿದೆ. ಅವರ ಧ್ವನಿಯಲ್ಲಿ ದೂರಿರಲಿಲ್ಲ. ಉತ್ತರಪತ್ರಿಕೆಯಲ್ಲಿ ತಪ್ಪಿದ ಒಂದು ಅಂಕವನ್ನು ತೋರಿಸುವಂತೆ ತೋರಿಸಿದ್ದರು. "ಚಟ್ನಿ ಖಾರ ಆತೇನ್ರಿ?" ಎಂದು ಕೇಳಿದರು. "ಹೌದ್ರಿ" ಎಂದೆ.

ಸಂಜೆ ತರಬೇತಿ ಮುಗಿದಾಗ ಅವರು ಕಾರಿನ ಹತ್ತಿರ ನಿಂತು, "ಬಸ್ ಸ್ಟ್ಯಾಂಡ್ ತನಕಾ ಬಿಡ್ತೀನಿ, ಬರ್ರಿ" ಎಂದರು. ನಾನು ಮುಂದಿನ ಬಾಗಿಲು ತೆರೆದು ಕುಳಿತೆ. ಅಲ್ಲಿಂದ ರಸ್ತೆ ಬೇರೆಯಾಗಿ ಕಾಣುತ್ತಿತ್ತು, ಅವರ ಮುಖವೂ. ಶಾಲೆಯಲ್ಲಿ ನೇರ ನೋಡಲು ಸಂಕೋಚಪಟ್ಟವನು, ಕಾರಿನಲ್ಲಿ ಅದನ್ನು ಅಂಗೈಯಗಲದ ಕನ್ನಡಿಯಲ್ಲಿ ತುಂಡು ತುಂಡಾಗಿ ನೋಡಿದ್ದೆ. ಎಡಗೆನ್ನೆಯ ಮೇಲೆ ಒಂದು ಸಣ್ಣ ಮಚ್ಚೆ ಇತ್ತು. ನನಗೆ ಗೊತ್ತೇ ಇರಲಿಲ್ಲ. ಅವರು ಮಗಳಿಗೆ ಹಲ್ಲು ಬಂದ ವಿಷಯ ಹೇಳಿದರು, ನಾನು ಅವ್ವ ಹೋದ ವಿಷಯ ಹೇಳಿದೆ. ನಡುವೆ ಒಂದು ಎತ್ತಿನ ಬಂಡಿ ಅಡ್ಡ ಬಂತು. ಅದು ಇನ್ನಷ್ಟು ನಿಧಾನವಾಗಿ ಹೋಗಲಿ ಎಂದುಕೊಂಡೆ, ದಾರಿ ಬಿಟ್ಟಿತು.

ರೋಣದ ಬಸ್ ಸ್ಟ್ಯಾಂಡು ಅಲ್ಲಿಂದ ಐದು ನಿಮಿಷ. ನರಗುಂದದ ಬಸ್ಸು ನಿಂತೇ ಇತ್ತು.

"ಲಗೂ ಇಳೀರಿ ಸರ, ನಿಮ್ಮ ಬಸ್ ಹೊಂಟೈತಿ" ಎಂದರು ಟೀಚರ್.

ಅದು ಹೋದರೆ ಹೋಗಲಿ, ಹಿಂದೆ ಇನ್ನೊಂದಿದೆ ಎಂಬುದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿರಬೇಕು. ಇಬ್ಬರೂ ಅದನ್ನು ಹೇಳಲಿಲ್ಲ. ನಾನು ಇಳಿದು, ಬಾಗಿಲನ್ನು ಮೆಲ್ಲಗೆ ಹಾಕಿದೆ. ಅದು ಸರಿಯಾಗಿ ಕೂರಲಿಲ್ಲ. ಅವರು ಬಾಗಿ, ಒಳಗಿನಿಂದ ತಾವೇ ಎಳೆದು ಹಾಕಿಕೊಂಡರು.